ಉಣ್ಣೆಯ ಕೆಳಗಿನ ಮೈ

ಬೆಟ್ಟದ ಹಿಂಡಿನಲ್ಲಿದ್ದ ವಾರಾ ಎಂಬ ಅಲ್ಪಾಕಾ, ಉಣ್ಣೆಗಾಗಿ ಸಾಕುವ ಒಂಟೆ ಜಾತಿಯ ಪ್ರಾಣಿ, ಹೊಟ್ಟೆಹುಳುವಿನಿಂದ ದಿನೇದಿನೇ ಸೊರಗುತ್ತಿದ್ದಳು. ದಟ್ಟ ಉಣ್ಣೆ ಅದನ್ನು ಮುಚ್ಚಿಟ್ಟಿತ್ತು.

“ಅಕ್ಕಾ, ನಿನ್ನ ಕಾಲು ನಡುಗುತ್ತಿದೆ. ಒಡತಿಗೆ ಹೇಳಬಾರದೇ?” ಎಂದಳು ತಂಗಿ ಕಿಲ್ಯಾ.

“ಸುಮ್ಮನಿರು. ನನ್ನ ಕೈಲಾಗದೆಂದು ಹಿಂಡಿಗೆ ತಿಳಿದರೆ ಮುಖಕ್ಕೆ ಉಗುಳಿ ಓಡಿಸುತ್ತಾರೆ, ಮೇವಿನ ಬಳಿ ನಿಲ್ಲಲೂ ಬಿಡುವುದಿಲ್ಲ.”

ಒಡತಿಯೋ ಬೇಲಿಯಾಚೆಯಿಂದಲೇ ನೋಡಿ, “ವಾರಾ ಎಷ್ಟು ಮೈತುಂಬಿಕೊಂಡಿದ್ದಾಳೆ!” ಎಂದು ಹಿಗ್ಗುತ್ತಿದ್ದಳು.

ವರ್ಷಕ್ಕೊಮ್ಮೆ ಉಣ್ಣೆ ಕತ್ತರಿಸುವ ದಿನ ಬಂತು. ಉಣ್ಣೆ ಕಳಚಿ ಬಿದ್ದದ್ದೇ ಎಲುಬುಗಳು ಎದ್ದು ಕಂಡವು.

“ಅಯ್ಯೋ, ಮೊದಲೇ ಹೇಳಬಾರದಿತ್ತೇ?” ಎಂದು ಒಡತಿ ಅತ್ತಳು.

“ನೀವು ಒಮ್ಮೆಯಾದರೂ ನನ್ನ ಬೆನ್ನು ಮುಟ್ಟಿ ನೋಡಬಾರದಿತ್ತೇ?” ಎಂದಳು ವಾರಾ.

ಒಡತಿ ಕೊಟ್ಟ ಔಷಧ ಕುಡಿದು, ವಾರಾ ತೂರಾಡುತ್ತ ಮೇವಿನ ಬಳಿಗೆ ಬಂದಳು. ಅವಳ ಜಾಗದಲ್ಲಿ ಕಿಲ್ಯಾ ಮೇಯುತ್ತಿದ್ದಳು. “ಸ್ವಲ್ಪ ಪಕ್ಕಕ್ಕೆ ಸರಿಯೇ,” ಎಂದಳು ವಾರಾ. ತಂಗಿ ಕಿವಿ ಹಿಂದಕ್ಕೆ ಮಡಚಿ ಅವಳ ಮುಖಕ್ಕೆ ಉಗುಳಿದಳು.