ಚೆಲುವರಾಯ ಅಡಗಿಸಿದ ಉಸಿರು

ಕಾವೇರಿ ದಂಡೆಯಲ್ಲಿ ಅಳಸಿಂಗಾಚಾರ್ಯರೆಂಬ ಕೊಳಲಿನ ಗುರುಗಳಿದ್ದರು. ಮುಪ್ಪಿನಲ್ಲಿ ಕಣ್ಣು ಹೋಗಿತ್ತು. ಕಿವಿ ಮಾತ್ರ ಇರುವೆ ನಡೆದರೂ ಕೇಳಿಸುವಷ್ಟು ಚುರುಕು.

ಚೆಲುವರಾಯ ಅವರಲ್ಲಿ ಒಂಬತ್ತು ವರ್ಷ ಕಲಿತಿದ್ದ. ಗುರುಗಳ ಗುರುಗಳಾದ ಪರಮಗುರುಗಳ ಆರಾಧನೆಯ ದಿನ ಸಭೆಯ ಮುಂದೆ ನುಡಿಸಿದರೆ ಮಾತ್ರ ಅಲ್ಲಿ ಕಲಿಕೆ ಪೂರ್ತಿಯಾದ ಲೆಕ್ಕ.

ಹೋದ ವರ್ಷ ಅವನು ನುಡಿಸುವಾಗ ನಡುನಡುವೆ ಹುಸ್ಸೆಂದು ಉಸಿರೆಳೆದದ್ದು ಎಲ್ಲರಿಗೂ ಕೇಳಿಸಿತ್ತು. "ಕಮ್ಮಾರನ ತಿದಿ ಒತ್ತಿದ ಹಾಗಿದೆಯಲ್ಲ!" ಎಂದು ಯಾರೋ ನಕ್ಕರು. ಪಾಪ, ಅರ್ಧಕ್ಕೇ ಎದ್ದು ಬಂದುಬಿಟ್ಟ.

ಆಮೇಲೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಇನ್ನೊಂದು ಸಲ ನಕ್ಕರೆ ಜನ್ಮದಲ್ಲಿ ಕೊಳಲು ಮುಟ್ಟಲಾರೆ ಎಂಬ ಭಯ ಅವನನ್ನು ಹಿಡಿದುಕೊಂಡಿತು.

ಗುರುಗಳಿಗೆ ಕೇಳಿಸದಂತೆ ಹೊಳೆಯಾಚೆ ಹೋಗಿ ಸಾಧನೆಗೆ ಕೂತ. ಮೂಗಿನ ಮುಂದೆ ಹತ್ತಿಯ ಎಳೆ ಹಿಡಿದು, ಅದು ಅಲುಗದಂತೆ ಉಸಿರಾಡಲು ಕಲಿತ. ಉದ್ದನೆಯ ಸ್ವರಗಳನ್ನು ಮೊಟಕು ಮಾಡಿ, ಕಳ್ಳನಂತೆ ಚೂರು ಚೂರೇ ಗಾಳಿ ಎಳೆದುಕೊಂಡ.

ಆರಾಧನೆಯ ಹಿಂದಿನ ದಿನ ಗುರುಗಳು ಕರೆದರು. "ನುಡಿಸಪ್ಪ, ಕೇಳೋಣ."

"ತಪ್ಪಿದರೆ ನಾಳೆ ಕೂರಿಸಲ್ವಾ ಗುರುಗಳೇ?"

"ಮೊದಲು ನುಡಿಸು."

ಚೆಲುವರಾಯ ಕೊಳಲೆತ್ತಿ ನುಡಿಸಿದ. ಒಂದು ಸ್ವರವೂ ಜಾರಲಿಲ್ಲ. ಎದೆ ಬಿರಿಯುವಂತಾದರೂ ಉಸಿರಿನ ಸದ್ದು ಆಚೆ ಬಿಡಲಿಲ್ಲ.

ಓರೆಗಣ್ಣಿನಲ್ಲಿ ಗುರುಗಳನ್ನು ನೋಡಿದ. ಅವರ ಮುಖ ಬಿಳಿಚಿಕೊಂಡಿತ್ತು. ಎಲ್ಲೋ ತಪ್ಪಿದೆನೇನೋ ಎಂದುಕೊಂಡರೂ ನುಡಿಸುತ್ತಲೇ ಇದ್ದ.

ಗುರುಗಳು ದಡಬಡಿಸಿ ಎದ್ದರು. ತಡಕಾಡುತ್ತ ಬಂದು ಅವನ ಮೂಗಿನ ಕೆಳಗೆ ಬೆರಳಿಟ್ಟರು.

ಕೊಳಲು ನಿಂತಿತು. ತಡೆದಿದ್ದ ಉಸಿರೆಲ್ಲ ಭರ್ರೆಂದು ಆಚೆ ಬಂತು.

"ಇದೀಯಲ್ಲ, ಸದ್ಯ!" ಎಂದು ಗುರುಗಳು ಅಲ್ಲೇ ಕುಸಿದು ಕೂತರು.

"ಏನಾಯ್ತು ಗುರುಗಳೇ? ಎಲ್ಲಿ ತಪ್ಪಿದೆ?"

"ಎಲ್ಲೂ ತಪ್ಪಲಿಲ್ಲ ಕಣೋ. ಕಣ್ಣಿಲ್ಲದವನು ನಾನು. ನೀನು ಉಸಿರೆಳೆಯೋ ಸದ್ದು ಕೇಳಿದರೇ ನೀನು ಎದುರಿಗೆ ಕೂತಿದೀಯ ಅಂತ ಗೊತ್ತಾಗೋದು. ಇವತ್ತು ಎಷ್ಟು ಕಾದರೂ ಅದು ಬರಲೇ ಇಲ್ಲ. ಕೊಳಲಿನ ಸದ್ದಿದೆ, ಊದೋ ಜೀವವೇ ಇಲ್ಲವಲ್ಲ ಅಂತ ಹೆದರಿಬಿಟ್ಟೆ."

"ಆ ಸದ್ದಿಗೇ ಜನ ನಕ್ಕಿದ್ದು."

"ನಾನೂ ಅಲ್ಲೇ ಕೂತಿದ್ದೆನಲ್ಲ. ನಾನು ನಕ್ಕೆನೇನು?"

ಚೆಲುವರಾಯನಿಗೆ ಅಳು ಬಂತು. "ಹಾಗಾದರೆ ನಾಳೆ ಏನು ಮಾಡಲಿ?"

ಗುರುಗಳು ಅವನ ಬೆನ್ನು ಸವರಿದರು.

"ಕೊಳಲೊಂದನ್ನೇ ಕಳಿಸಬೇಡ. ನೀನೂ ಬಾ."