ಹದಿನೇಳು ಬೀಗ

ನದಿ ದಂಡೆಯ ಆಶ್ರಮದಲ್ಲಿ ಒಂದು ಕಣ್ಣಾಸ್ಪತ್ರೆ ಇತ್ತು. ಅದರ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವುದನ್ನು ಅಂಬುಜಮ್ಮ ಎರಡು ವರ್ಷದಿಂದ ಮಲ್ಲಿನಾಥನಿಗೆ ಕಲಿಸುತ್ತಿದ್ದರು. ಅವರ ತಾಳ್ಮೆ ಆರು ತಿಂಗಳಿಗೇ ಮುಗಿದಿತ್ತು.

ಸೋಮವಾರ ಹೊಸ ರೋಗಿಗಳ ಕೌಂಟರು, ಹಳೇ ರೋಗಿಗಳ ಕೌಂಟರು ಎರಡೂ ಒಂದೇ ಗಳಿಗೆಯಲ್ಲಿ ಕಣ್ಣೊಳಗೆ ಕೂರಿಸುವ ಲೆನ್ಸ್ ಕೇಳಿದವು. ಪ್ರೋಗ್ರಾಮ್ ಒಂದೇ ಲೆನ್ಸನ್ನು ಇಬ್ಬರಿಗೆ ಕೊಟ್ಟಿತು. ಡಾಕ್ಟರು ಗಮನಿಸಿದ್ದರಿಂದ ಅನಾಹುತ ತಪ್ಪಿತು.

"ಪ್ರೋಗ್ರಾಮಿನೊಳಗೆ ಬೀಗ ಹಾಕು," ಎಂದರು ಅಂಬುಜಮ್ಮ. "ಒಂದು ಕೆಲಸ ಹಿಡಿದದ್ದನ್ನು, ಅದು ಬಿಡುವ ತನಕ ಇನ್ನೊಂದು ಮುಟ್ಟಬಾರದು."

ಮಂಗಳವಾರ ಬೆಳಿಗ್ಗೆ ಕಂಪ್ಯೂಟರಿನ ಪರದೆ ನಿಂತೇಹೋಯಿತು. ಜಗಲಿಯಲ್ಲಿ ಇಪ್ಪತ್ತೆರಡು ಜನ ಮುದುಕರು ಕಣ್ಣಿಗೆ ಔಷಧಿ ಬಿಡಿಸಿಕೊಂಡು, ಖಾಲಿ ಹೊಟ್ಟೆಯಲ್ಲಿ ಆಪರೇಷನ್ನಿಗೆ ಕಾಯುತ್ತ ಕೂತಿದ್ದರು.

"ಮೂರು ಸಲ ಆರಿಸಿ ಹಚ್ಚಿದೆ, ಅಮ್ಮ. ಸ್ವಲ್ಪ ಹೊತ್ತು ಓಡಿ ಮತ್ತೆ ನಿಲ್ಲುತ್ತೆ."

"ಬೀಗ ಎಷ್ಟು ಹಾಕಿದೀಯ?"

"ಹದಿನೇಳು. ಎಲ್ಲೂ ತಪ್ಪಾಗಬಾರದು ಅಂತ."

"ಆಗ್ತಿಲ್ಲವಲ್ಲ. ಏನೂ ಆಗದೆ ಇದ್ದರೆ ತಪ್ಪು ಎಲ್ಲಿಂದ ಆಗಬೇಕು?"

ಅಂಬುಜಮ್ಮ ಕಂಪ್ಯೂಟರಿನ ವೈರನ್ನೇ ಕಿತ್ತರು. ಒಂದು ಕಾಗದ ಅವನ ಕೈಗಿಟ್ಟರು. "ಹೆಸರು ಬರಿ. ಒಬ್ಬೊಬ್ಬರನ್ನೇ ಒಳಗೆ ಕಳಿಸು."

ಕೊನೆಯ ಅಜ್ಜಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಗೆ ಬಂದು ಗಂಜಿ ಕುಡಿಯುವ ಹೊತ್ತಿಗೆ ಮಧ್ಯಾಹ್ನ ಮೂರಾಗಿತ್ತು. ಆಮೇಲೆ ವೈರು ಮತ್ತೆ ಸಿಕ್ಕಿಸಿ ಇಬ್ಬರೂ ಕಂಪ್ಯೂಟರಿನ ಮುಂದೆ ಕೂತರು.

"ಹೊಸ ರೋಗಿಗಳ ಭಾಗ ಓದು."

"ಮೊದಲು ಆಪರೇಷನ್ ಮೇಜಿನ ಬೀಗ ಹಿಡಿಯುತ್ತೆ. ಆಮೇಲೆ ಲೆನ್ಸಿನದು."

"ಹಳೇ ರೋಗಿಗಳದ್ದು?"

"ಮೊದಲು ಲೆನ್ಸು, ಆಮೇಲೆ..." ಅವನು ತಡೆದ. "ಮೇಜು."

"ಒಬ್ಬ ಮೇಜು ಹಿಡಿದುಕೊಂಡು ಲೆನ್ಸಿಗೆ ಕಾಯ್ತಾನೆ. ಇನ್ನೊಬ್ಬ ಲೆನ್ಸು ಹಿಡಿದುಕೊಂಡು ಮೇಜಿಗೆ ಕಾಯ್ತಾನೆ. ಯಾರು ಬಿಡ್ತಾರೆ?"

"ಆದರೆ ಎರಡನ್ನೂ ಬೇರೆಬೇರೆಯಾಗಿ ಪರೀಕ್ಷೆ ಮಾಡಿದ್ದೆ, ಅಮ್ಮ. ಎರಡೂ ಸರಿಯಾಗಿದ್ದವು."

"ಜಗಳ ಆಡೋರೂ ಬೇರೆಬೇರೆಯಾಗಿ ಕೇಳಿದರೆ ಸರಿಯಾಗೇ ಇರ್ತಾರೆ."

ಮಲ್ಲಿನಾಥನ ಮುಖ ಕೆಂಪಾಯಿತು. "ಎರಡನೆಯದು ಒಂದು ಸೆಕೆಂಡು ತಡವಾಗಿ ಶುರುವಾಗಲಿ ಅಂತ ಬರೆಯಲೇ?"

ಅಂಬುಜಮ್ಮ ಕನ್ನಡಕ ತೆಗೆದು, ಕಣ್ಣುಜ್ಜಿ, ಮತ್ತೆ ಹಾಕಿಕೊಂಡರು. ಇಂಥದೇ ಪ್ರಶ್ನೆಯನ್ನು ಹೋದ ತಿಂಗಳೂ ಕೇಳಿದ್ದ.

"ಎಲ್ಲರೂ ಮೊದಲು ಮೇಜು, ಆಮೇಲೆ ಲೆನ್ಸು. ಯಾರಿಗೂ ಬೇರೆ ದಾರಿ ಇಲ್ಲ. ಬರಿ."

ಅವನು ಬರೆದ.

"ಈಗ ಈ ಮೂರನೇ ಬೀಗ. ಇದು ಏನನ್ನ ಕಾಯುತ್ತೆ?"

"ರೋಗಿಯ ವಯಸ್ಸನ್ನ."

"ಒಂದೇ ಸಲಕ್ಕೆ ಅದನ್ನ ಇನ್ಯಾರು ಮುಟ್ತಾರೆ?"

"ಯಾರೂ ಇಲ್ಲ."

"ತೆಗಿ. ನಾಲ್ಕನೇದು?"

"ಅದು... ಸುಮ್ಮನೆ, ಇರಲಿ ಅಂತ."

"ತೆಗಿ!"

ಹೀಗೇ ಕೇಳುತ್ತ, ತೆಗೆಸುತ್ತ ಸಂಜೆಯಾಯಿತು. ಎರಡೇ ಎರಡು ಬೀಗ ಉಳಿದವು. ಎರಡೂ ಕೌಂಟರಿನಿಂದ ಸಾವಿರ ಸಾವಿರ ಸುಳ್ಳು ಹೆಸರುಗಳನ್ನು ಒಟ್ಟಿಗೇ ಒಳಗೆ ಬಿಟ್ಟರು. ಎಲ್ಲೂ ನಿಲ್ಲಲಿಲ್ಲ. ಒಂದು ಲೆನ್ಸೂ ಇಬ್ಬರ ಪಾಲಾಗಲಿಲ್ಲ.

ಮಲ್ಲಿನಾಥ ಮಾತ್ರ ಕೈ ಹಿಸುಕಿಕೊಳ್ಳುತ್ತ ಪರದೆಯನ್ನೇ ನೋಡುತ್ತಿದ್ದ.

"ಇಷ್ಟೊಂದು ತೆಗೆದುಬಿಟ್ಟೆವಲ್ಲ, ಅಮ್ಮ. ಭಯ ಆಗುತ್ತೆ."

ಅಂಬುಜಮ್ಮ ಎದ್ದು ಸೆರಗು ಕೊಡವಿಕೊಂಡರು.

"ಆ ಭಯ ಬೀಗ ಹಾಕುವಾಗ ಆಗಬೇಕಿತ್ತು."