ಹಗ್ಗ ಹಿಡಿದ ಕೈ

"ತಾಯಿ, ಕಳ್ಳನ ಜೊತೆ ನಿಂತವನೂ ಕಳ್ಳನೇ?" ಎಂದು ಶಿಷ್ಯ ಕೇಳಿದ.

ಗುರುತಾಯಿ ಮರುದಿನದ ಪಯಣಕ್ಕೆ ಚಪ್ಪಲಿಯ ಉಂಗುಟ ಹೊಲಿಯುತ್ತಿದ್ದಳು. ತಲೆ ಎತ್ತದೆ, "ಯಾರ ಜೊತೆ ನಿಂತು ಬಂದೆ?" ಎಂದಳು.

ಶಿಷ್ಯ ಹೇಳಿದ. ಅಂದು ಬೆಳಿಗ್ಗೆ ಊರ ಗೌಡ ತನ್ನ ಜಗಲಿಯಲ್ಲಿ ಒಬ್ಬ ವಿಧವೆಯ ಹೆಬ್ಬೆರಳನ್ನು ಬಲವಂತವಾಗಿ ಕಾಗದಕ್ಕೆ ಒತ್ತಿಸಿಕೊಂಡಿದ್ದ. ಅವಳ ಹೊಲ ಅವನದಾಗುವ ಕಾಗದ ಅದು.

"ಬೆರಳು ಹಿಡಿದು ಒತ್ತಿದವರು ಗೌಡನ ಆಳುಗಳು. ನಾನು ಮಸಿಯ ತಟ್ಟೆ ಹಿಡಿದಿದ್ದೆ, ಅಷ್ಟೇ. ಹಿಡಿ ಎಂದರು, ಹಿಡಿದೆ. ಕಾಗದ ನಾಳೆ ಕಚೇರಿಗೆ ಹೋಗುತ್ತದೆ. ಮುಂದೆ ಯಾರಾದರೂ ಕೇಳಿದರೆ ನನ್ನ ಗತಿ ಏನು ತಾಯಿ?"

ಗುರುತಾಯಿ ಸೂಜಿಗೆ ದಾರ ಪೋಣಿಸಿ ಒಂದು ಕತೆ ಹೇಳಿದಳು.

ಒಂದೂರಿನಲ್ಲಿ ಎತ್ತುಗಳಿಗೆ ಲಾಳ ಕಟ್ಟುವ ಒಬ್ಬನಿದ್ದ. ಹಳ್ಳದ ಪಡುವಣ ದಂಡೆಯಲ್ಲಿ ಅವನ ಗುಡಿಸಲು. ಲಾಳ ಕಟ್ಟುವುದು ಒಬ್ಬನಿಂದ ಆಗುವ ಕೆಲಸವಲ್ಲ. ಎತ್ತನ್ನು ಹಗ್ಗ ಹಾಕಿ ಕೆಡವಬೇಕು. ನಾಲ್ಕು ಕಾಲು ಸೇರಿಸಿ ಬಿಗಿಯಬೇಕು. ಮೊಳೆ ಇಳಿಯುವಾಗ ಅದು ಒದೆಯದಂತೆ ಇನ್ನೊಬ್ಬರು ಹಗ್ಗ ಜಗ್ಗಿ ಹಿಡಿದಿರಬೇಕು. ಅವನ ಹೆಂಡತಿ ಹಿಡಿಯುತ್ತಿದ್ದಳು. ಹಿಡಿದು ಹಿಡಿದು ಅವಳ ಅಂಗೈ ಎಮ್ಮೆಯ ತೊಗಲಾಗಿತ್ತು.

ಒಂದು ಮಧ್ಯಾಹ್ನ ಒಬ್ಬ ದನದ ವ್ಯಾಪಾರಿ ಹೆಜ್ಜೆ ಮೂಡದಂತೆ ಹಳ್ಳದ ನೀರಿನಲ್ಲೇ ನಡೆಸಿಕೊಂಡು ಒಂದು ಜೊತೆ ಎತ್ತು ತಂದ. "ಹಳೆಯ ಲಾಳ ಕಿತ್ತುಹಾಕು. ಹೊಸದನ್ನು ಹಿಂದುಮುಂದಾಗಿ ಕಟ್ಟು" ಎಂದ.

ಲಾಳದ ಮೊನೆ ಗೊರಸಿನ ಮುಂದಕ್ಕಿರಬೇಕು. ಹಿಂದಕ್ಕೆ ತಿರುಗಿಸಿ ಕಟ್ಟಿದರೆ, ಎತ್ತು ಹೋದರೂ ಹೆಜ್ಜೆ ಬಂದಂತೆ ಕಾಣುತ್ತದೆ. ಕಸುಬಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

"ಯಾಕೆ?" ಎಂದ ಲಾಳದವನು.

"ಲಾಳ ನಿನ್ನ ಕಸುಬು, ದಾರಿ ನನ್ನ ಕಸುಬು. ನಿನಗ್ಯಾಕಪ್ಪ ಊರ ಉಸಾಬರಿ?"

ಹೆಂಡತಿ ಗಂಡನ ಮುಖ ನೋಡಿದಳು. ಗಂಡ ಮೊಳೆಗಳನ್ನು ಬಾಯಿಗೆ ಹಾಕಿಕೊಂಡ. ಬಾಯಲ್ಲಿ ಮೊಳೆ ಇದ್ದವನು ಮಾತಾಡುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ. ಅವಳು ಹಗ್ಗ ಹಿಡಿದಳು. ವ್ಯಾಪಾರಿ ಎತ್ತು ಹೊಡೆದುಕೊಂಡು ಪಡುವಣಕ್ಕೆ ಹೋದ.

ಅವು ಊರಿನ ಒಬ್ಬ ರೈತನಿಂದ ಕದ್ದ ಎತ್ತುಗಳು. ಸಂಜೆಯ ಹೊತ್ತಿಗೆ ಊರವರು ಹೆಜ್ಜೆ ಹುಡುಕುತ್ತ ಹಳ್ಳಕ್ಕೆ ಬಂದರು. ಹೆಜ್ಜೆಗಳು ಪಡುವಣದಿಂದ ಇಳಿದು ನೀರಿಗೆ ಬಂದಂತಿದ್ದವು. ಅಂದ ಮೇಲೆ ಕಳ್ಳ ನೀರು ದಾಟಿ ಮೂಡಣ ದಂಡೆಗೆ ಹೋಗಿದ್ದಾನೆ ಎಂದು ತೀರ್ಮಾನಿಸಿದರು. ಆ ದಂಡೆಯಲ್ಲಿ ಇದ್ದವನು ಪರವೂರಿನ ಒಬ್ಬ ದನಗಾಹಿ. ಅವನನ್ನು ಎಳೆದು ತಂದು ಊರ ಕಟ್ಟೆಯ ಮುಂದಿನ ಕಂಬಕ್ಕೆ ಬಿಗಿದರು.

"ಅವನನ್ನು ಕಟ್ಟಿದರಂತೆ" ಎಂದಳು ಹೆಂಡತಿ.

"ನಮ್ಮನ್ನಲ್ಲವಲ್ಲ" ಎಂದ ಗಂಡ.

ಮರುದಿನ ಬಿಸಿಲೇರಿದ ಮೇಲೆ ಪಂಚರು ಕೂತರು. ದನಗಾಹಿ, "ಒಂದು ಗುಟುಕು ನೀರು ಕೊಡಿ" ಎಂದ. "ಮೊದಲು ಎತ್ತು ಎಲ್ಲಿವೆ ಹೇಳು" ಎಂದರು.

ಆಗ ಲಾಳದವನ ಹೆಂಡತಿ ಎದ್ದು ನಿಂತಳು. "ಅವನನ್ನೇನು ಕೇಳುತ್ತೀರಿ? ಎತ್ತು ಪಡುವಣಕ್ಕೆ ಹೋದವು. ಲಾಳ ತಿರುಗಿಸಿ ಕಟ್ಟಿದವರು ನಾವು."

ಗಂಡ ಅವಳ ಸೆರಗು ಜಗ್ಗಿದ. ಆಗಲೇ ಎಲ್ಲರೂ ಅವನನ್ನು ನೋಡುತ್ತಿದ್ದರು. ಅವನು ಸೆಟೆದು ನಿಂತ. "ನಾನು ಎತ್ತು ಕದ್ದೆನೇ? ಹೇಳಿದ ಹಾಗೆ ಮೊಳೆ ಹೊಡೆದೆ. ಕದ್ದ ಆ ವ್ಯಾಪಾರಿ ನಮ್ಮಲ್ಲಿಗೆ ಬರುವಾಗ ಈ ಹಿರಿಯ ಯಜಮಾನರ ಅತ್ತಿಗೆಯ ಮನೆಯಲ್ಲಿ ಅಂಬಲಿ ಕುಡಿದು ಬಂದಿದ್ದ. ಅವಳನ್ನೂ ಕಟ್ಟಿ. ಲಾಳ ಬಡಿದುಕೊಟ್ಟ ಕಮ್ಮಾರನನ್ನೂ ಕಟ್ಟಿ. ಕಂಬ ಸಾಲುತ್ತದೋ ನೋಡಿ!"

ಜನ ನಕ್ಕರು. ಹಿರಿಯ ಪಂಚ ನಗಲಿಲ್ಲ.

"ನನ್ನ ಅತ್ತಿಗೆ ಹಸಿದವನಿಗೆ ಅಂಬಲಿ ಕೊಟ್ಟಳು, ಅವನು ಕಳ್ಳನೆಂದು ಅವಳಿಗೆ ಗೊತ್ತಿರಲಿಲ್ಲ. ಕಮ್ಮಾರ ಲಾಳ ಬಡಿದ, ಅದು ಯಾವ ಕಾಲಿಗೆ ಹೇಗೆ ಏರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು. ಗೊತ್ತಿದ್ದೇ ಅವನ ದಾರಿ ಸುಗಮ ಮಾಡಿದೆ. ಎತ್ತು ಬಿಚ್ಚಿದವನು ಅವನು, ಅವು ಸಿಗದ ಹಾಗೆ ಮಾಡಿದವನು ನೀನು. ಅವನ ತಪ್ಪಿನಲ್ಲಿ ನಿನಗೆ ಪಾಲಿದೆ."

ಆಮೇಲೆ ಹೆಂಡತಿಯ ಕಡೆ ತಿರುಗಿ ಮೆತ್ತಗೆ ಹೇಳಿದ. "ನೀನು ಕೂತ್ಕೋ ತಾಯಿ. ಹೆಂಗಸು. ಗಂಡ ಹಿಡಿ ಅಂದ, ಹಿಡಿದೆ. ನಿನ್ನದೇನೂ ಇಲ್ಲ."

ಅವಳು ಕೂರಲಿಲ್ಲ.

"ಯಾಕಿಲ್ಲ ಯಜಮಾನರೇ? ಎತ್ತು ಕೆಡವಿದ್ದು ಈ ಕೈ. ಲಾಳದ ಮೊನೆ ಯಾವ ಕಡೆಗಿದೆ ಅಂತ ನೋಡಿದ್ದು ಈ ಕಣ್ಣು. ನಾನು ಹಗ್ಗ ಬಿಟ್ಟಿದ್ದರೆ ಒಂದು ಮೊಳೆಯೂ ಇಳಿಯುತ್ತಿರಲಿಲ್ಲ. ಬಿಡಲಿಲ್ಲ. ತಪ್ಪು ಮಾಡುವಷ್ಟು ಬುದ್ಧಿ ನನಗಿತ್ತು. ಅದನ್ನು ಹೊರುವಷ್ಟು ಇಲ್ಲ ಅನ್ನೋಕೆ ನೀವ್ಯಾರು?"

"ಅಬ್ಬಾ, ಏನು ಬಾಯಿ ಇವಳದ್ದು!" ಎಂದ ಕಟ್ಟೆಯ ಮೇಲೆ ಕೂತಿದ್ದ ಒಬ್ಬ.

"ನಿನ್ನೆಯೇ ಈ ಬಾಯಿ ತೆರೆದಿದ್ದರೆ ಇವತ್ತು ನಿನ್ನ ಮುಖ ನೋಡುವ ಕರ್ಮ ಇರುತ್ತಿರಲಿಲ್ಲ" ಎಂದಳು. ಕಂಬದ ಹತ್ತಿರ ನಡೆದು ಎರಡು ಕೈಗಳನ್ನೂ ಮುಂದೆ ಚಾಚಿ ನಿಂತಳು. "ಇವನನ್ನು ಬಿಚ್ಚಿ. ನಮ್ಮನ್ನು ಕಟ್ಟಿ."

ದನಗಾಹಿ ಇನ್ನೊಮ್ಮೆ, "ನೀರು" ಎಂದ.

ಗುರುತಾಯಿ ಕತೆಯನ್ನು ಅಲ್ಲಿಗೇ ನಿಲ್ಲಿಸಿ ಹಲ್ಲಿನಿಂದ ದಾರ ಕಡಿದಳು.

ಶಿಷ್ಯ ಹತ್ತಿರ ಸರಿದ. "ಆಮೇಲೆ? ಅವಳಿಗೆ ಏನು ಶಿಕ್ಷೆ ಕೊಟ್ಟರು ತಾಯಿ? ಗಂಡನಷ್ಟೇ ಕೊಟ್ಟರೋ, ತಾನಾಗಿ ಒಪ್ಪಿಕೊಂಡಳು ಅಂತ ಕಡಿಮೆ ಮಾಡಿದರೋ?"

ಗುರುತಾಯಿ ಚಪ್ಪಲಿ ಮೆಟ್ಟಿ ಎದ್ದು ನಿಂತಳು.

"ನಿನ್ನ ಗತಿ ಏನು ಅಂತ ಕೇಳಿದೆ, ಆ ವಿಧವೆಯ ಗತಿ ಕೇಳಲಿಲ್ಲ. ಈಗಲೂ ಎರಡು ಸಲ ನೀರು ಕೇಳಿದವನಿಗೆ ಯಾರಾದರೂ ನೀರು ಕೊಟ್ಟರೇ ಅಂತ ನೀನು ಕೇಳಲೇ ಇಲ್ಲವಲ್ಲ."